ಪಾಸಿನ ತಲೆ ಲೆಕ್ಕಕ್ಕಿಲ್ಲ

ಆ ಗುರುವಾರ ಏನೇನು ಕೆಡಬಹುದು ಎಂಬ ಪಟ್ಟಿ ಬೆಳಿಗ್ಗೆ ಹಲ್ಲುಜ್ಜುವಾಗಲೇ ನನ್ನ ತಲೆಯಲ್ಲಿ ತಯಾರಾಗಿತ್ತು. ಮಳೆಗೆ ಗುಡ್ಡ ಜರಿದು ಕಾರವಾರ–ಅಂಕೋಲೆ ರಸ್ತೆ ಬಂದ್ ಆಗಬಹುದು. ಅಂಕೋಲೆಯಲ್ಲಿ ಕರೆಂಟು ಹೋಗಿ, ಥಿಯೇಟರಿನ ಜನರೇಟರು ಬರೀ ಹೊಗೆ ಬಿಟ್ಟು ಸುಮ್ಮನಾಗಬಹುದು. ಸಿನಿಮಾ ತೆರೆಯಲು ಕಂಪನಿಯವರು ದಿನಾ ಕಳಿಸುವ ಪಾಸ್‌ವರ್ಡ್ ಬರದೇ ಹೋಗಬಹುದು. ಮಧ್ಯಾಹ್ನದ ಬಸ್ಸಿಗೆ ಹೋಗುವ ನನ್ನ ಹೆಂಡತಿಗೆ ಬಸ್ಸು ತಪ್ಪಬಹುದು. ಅಕ್ಕನ ಮಂಡಿ ಹಿಡಿದುಕೊಂಡು ಅವಳು ಮನೆ ಮೆಟ್ಟಿಲನ್ನೇ ಇಳಿಯದಿರಬಹುದು. ಭಾವನ ಬಿ.ಪಿ. ಏರಬಹುದು. ಪರದೆಯ ಹಿಂದಿನ ಬಾವಲಿಗಳು ಹಾಡಿನ ನಡುವೆ ಹಾರಿ ಅಕ್ಕನ ಪಕ್ಕದ ಮನೆಯ ಹೆಂಗಸು ಹೆದರಿ ಎದ್ದು ಹೋಗಬಹುದು. ನನ್ನ ಸ್ಕೂಟರು ಅಮದಳ್ಳಿಯ ಹತ್ತಿರ ಪಂಕ್ಚರಾಗಬಹುದು. ಇನ್ನು ನಾನು, ಗ್ಯಾಸ್ ಬಂದ್ ಮಾಡದೇ ಮನೆಗೆ ಬೀಗ ಹಾಕಿ ಹೊರಟುಬಿಡಬಹುದು.

ಇಷ್ಟೆಲ್ಲ ಒಂದು ಸಿನಿಮಾಕ್ಕೆ. ಅದೂ ಆ ವಾರ ನಾನು ನಾಲ್ಕನೆಯ ಸಲ ನೋಡಲಿದ್ದ, ಮೊದಲ ಸಲವೂ ಚೆನ್ನಾಗಿಲ್ಲದಿದ್ದ ಸಿನಿಮಾಕ್ಕೆ.

ವಿಷಯ ಸಿನಿಮಾದ್ದಲ್ಲ, ಭಾವನದು. ನನ್ನ ಅಕ್ಕನ ಗಂಡ ಅಂಕೋಲೆಯ ಥಿಯೇಟರಿನಲ್ಲಿ ಮೂವತ್ತು ವರ್ಷದಿಂದ ಆಪರೇಟರು. ಮೊದಲು ರೀಲಿನ ಡಬ್ಬಿಗಳನ್ನು ಹೊತ್ತು ಕ್ಯಾಬಿನ್ ಮೆಟ್ಟಿಲು ಹತ್ತುತ್ತಿದ್ದವರು, ಈಗ ಒಂದು ಗುಂಡಿ ಒತ್ತಿ ಸ್ಟೂಲಿನ ಮೇಲೆ ಕೂತಿರುತ್ತಾರೆ. ಆದರೂ ಇಂಟರ್ವಲ್‌ನಲ್ಲಿ ಕೆಳಗಿಳಿದು ಬಂದು, ಸಿಕ್ಕವರನ್ನೆಲ್ಲ "ಸೌಂಡು ಹಿಂದೆ ಸಮಾ ಕೇಳ್ತದಾ?" ಎಂದು ಕೇಳುವುದನ್ನು ಬಿಟ್ಟಿರಲಿಲ್ಲ. ಅವರಿಗೆ ಬೇರೆ ಕೆಲಸ ಗೊತ್ತಿಲ್ಲ. ಗೊತ್ತಿದ್ದರೂ ಆ ವಯಸ್ಸಿನಲ್ಲಿ ಕೊಡುವವರಿಲ್ಲ. ಥಿಯೇಟರು ಮುಚ್ಚಿದರೆ ಕಾರವಾರಕ್ಕೆ ಬಂದು ಬೈತಖೋಲದ ಐಸ್ ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್ ಆಗಿ ನಿಲ್ಲಬೇಕು ಎಂದು ಅವರೇ ಒಮ್ಮೆ ನಗುತ್ತ ಹೇಳಿದ್ದರು. ನಾನು ನಗಲಿಲ್ಲ. ಅವರು ನಗುತ್ತ ಹೇಳುವುದೆಲ್ಲ ನಡೆಯುತ್ತದೆ.

ಪಾಸಿನ ಆಲೋಚನೆ ಥಿಯೇಟರಿನ ಮಾಲೀಕರದು. ಹುಬ್ಬಳ್ಳಿಯಲ್ಲಿರುವ ಮಗಳು ಅವರನ್ನು ಅಲ್ಲಿನ ಮಾಲ್‌ಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ತಿಂಗಳಿಗೊಮ್ಮೆ ದುಡ್ಡು ಕಟ್ಟಿದರೆ ಬೇಕಾದಷ್ಟು ಸಿನಿಮಾ ನೋಡಬಹುದಂತೆ, ಜನ ಫೋನ್ ತೋರಿಸಿ ಒಳಗೆ ಹೋಗುತ್ತಾರಂತೆ. ಊರಿಗೆ ಬಂದವರೇ ಮೂರು ತಿಂಗಳ ಪಾಸೆಂದು ಗುಲಾಬಿ ಬಣ್ಣದ ಕಾರ್ಡು ಅಚ್ಚು ಹಾಕಿಸಿದರು. ಭಾವ ಒಂದು ಭಾನುವಾರ ಕಾರವಾರದ ನಮ್ಮ ಮನೆಗೆ ಬಂದು, ಚಹಾ ಕುಡಿಯುವ ಮೊದಲೇ ಕಿಸೆಯಿಂದ ಫಾರ್ಮಿನ ಕಟ್ಟು ತೆಗೆದರು.

"ತಮಾ, ನೀ ಒಂದು ಮಾಡ್ಸು. ನಾಲ್ಕು ಜನಕ್ಕೆ ಹೇಳು."

"ಥಿಯೇಟರು ನಡುವೆ ಬಂದಾದ್ರೆ ದುಡ್ಡು ವಾಪಸ್ ಕೊಡ್ತಾರಾ ಭಾವ?"

"ಬಂದಾಗ್ಬಾರ್ದು ಅಂತ್ಲೇ ಪಾಸು ಮಾರಾಯ! ನೀ ಒಬ್ಬವ, ಮದ್ವೆ ಮನೆಗೆ ಹೋದ್ರೂ ಡೈವೋರ್ಸಿನ ಸುದ್ದಿ ಮೊದ್ಲು ಕೇಳ್ತೆ."

ನನ್ನ ಹೆಂಡತಿ ಒಳಗಿನಿಂದಲೇ, "ಕೇಳಿದ್ರು ಭಾವಾ, ನಮ್ ಮದ್ವೇಲೇ ಕೇಳಿದ್ರು" ಅಂದಳು.

ನಾನು ಎರಡು ಪಾಸ್ ಮಾಡಿಸಿದೆ. ಕಾರ್ಡಿನ ಹಿಂದೆ ನಿಯಮಗಳಿದ್ದವು. ಶುಕ್ರ, ಶನಿ, ಭಾನುವಾರ ನಡೆಯುವುದಿಲ್ಲ. ದೊಡ್ಡ ಹೀರೋ ಸಿನಿಮಾಕ್ಕೆ ಮೊದಲ ಎರಡು ವಾರ ನಡೆಯುವುದಿಲ್ಲ. ಬಾಲ್ಕನಿಗೆ ಇಲ್ಲ. ಕಾರ್ಡು ಮರೆತರೆ ಪ್ರವೇಶವಿಲ್ಲ. ಅಂದರೆ ಯಾರಿಗೂ ಬೇಡದ ದಿನ, ಯಾರಿಗೂ ಬೇಡದ ಸಿನಿಮಾವನ್ನು, ಯಾರಿಗೂ ಬೇಡದ ಸೀಟಿನಲ್ಲಿ ಎಷ್ಟು ಸಲ ಬೇಕಾದರೂ ನೋಡಬಹುದು. ಕೊನೆಯ ಸಾಲು ಸಣ್ಣ ಅಕ್ಷರದಲ್ಲಿತ್ತು: ಕನಿಷ್ಠ ಎಂಟು ಟಿಕೆಟ್ ಹೋಗದಿದ್ದರೆ ಆಟ ಇರುವುದಿಲ್ಲ. ಕೆಮ್ಮಿನ ಔಷಧಿಯ ಬಾಟಲಿಯ ಮೇಲಿನ ಅಕ್ಷರಗಳನ್ನೂ ಬಿಡದೆ ಓದುವವ ನಾನು. ಈ ಸಾಲನ್ನೂ ಓದಿದ್ದೆ. ಅದೊಂದರ ಬಗ್ಗೆ ಮಾತ್ರ ಚಿಂತೆ ಮಾಡಲಿಲ್ಲ.

ಗೇಟಿನಲ್ಲಿ ನಿಲ್ಲುವವನು ನನ್ನ ಜೊತೆ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಅವನೂ ಪ್ರತಿ ಸಲ ಕಾರ್ಡು ಕೇಳುತ್ತಿದ್ದ.

"ನಾ ಯಾರು ಅಂತ ಗೊತ್ತಿಲ್ವಾ ನಿಂಗೆ?"

"ನೀ ಗೊತ್ತು. ಈ ಫೋಟೋದಾಗೆ ಇದ್ದವ ಯಾರು ಅಂತ ಗೊತ್ತಾಗುದಿಲ್ಲ. ಪೊಲೀಸ್ರು ಹುಡುಕ್ತಾ ಇದ್ದವನ ಹಾಂಗೆ ಕಾಣ್ತಾನೆ."

ಆದರೂ ಸುಳ್ಳು ಹೇಳಬಾರದು, ಪಾಸಿನಿಂದ ಸುಖವೂ ಇತ್ತು. ಇಂಟರ್ವಲ್‌ನಲ್ಲಿ ಒಂದು ಚಹಾ ಪುಕ್ಕಟೆ. ಸಿನಿಮಾ ಕೆಟ್ಟದಾಗಿದ್ದರೆ ಅರ್ಧಕ್ಕೆ ಎದ್ದು ಬರಬಹುದು, ಎದೆಯಲ್ಲಿ ಟಿಕೆಟಿನ ದುಡ್ಡು ಚುಚ್ಚುವುದಿಲ್ಲ. ನನ್ನ ಹೆಂಡತಿ ಅಕ್ಕನ ಮನೆಗೆ ಹೋದಾಗಲೆಲ್ಲ ಬರೀ ಹಾಡು ನೋಡಿ ಬರುತ್ತಿದ್ದಳು. ಒಮ್ಮೆ ಸಂತೆಯಲ್ಲಿ ಒದ್ದೆಯಾಗಿ ಬಂದು, ಗೋಡೆಯ ಫ್ಯಾನಿನ ಕೆಳಗೆ ಕೂತು, ಸೆರಗು ಒಣಗಿದ ಮೇಲೆ ಎದ್ದು ಹೋದಳು. ನನಗೆ ಸಿಕ್ಕಿದ್ದು ಬೇರೆ. ಆ ಹಾಲಿನ ಒಳಗೆ ಫೋನಿಗೆ ರೇಂಜ್ ಬರುವುದಿಲ್ಲ. ಎರಡೂವರೆ ತಾಸು ಯಾವ ಕೆಟ್ಟ ಸುದ್ದಿಯೂ ನನ್ನನ್ನು ಮುಟ್ಟುವಂತಿಲ್ಲ. ಮೊದಲ ತಿಂಗಳು ಅಷ್ಟು ನೆಮ್ಮದಿಯಾಗಿ ನಾನು ಎಲ್ಲೂ ಕೂತದ್ದಿಲ್ಲ. ಎರಡನೆಯ ತಿಂಗಳು, ರೇಂಜ್ ಇಲ್ಲದ ಹೊತ್ತಿನಲ್ಲಿ ಹೊರಗೆ ಏನಾಗುತ್ತಿರಬಹುದು ಎಂಬ ಚಿಂತೆ ಶುರುವಾಯಿತು.

ಹೊರಗೆ ಆಗುತ್ತಿದ್ದದ್ದು ಇದು. ಆ ಥಿಯೇಟರಿಗೆ ವಾರದ ನಡುವೆ ಬರುತ್ತಿದ್ದವರೇ ಎರಡು ಡಜನ್ ಜನ. ಅಕ್ಕನ ಕೇರಿಯವರು, ಬಸ್‌ಸ್ಟ್ಯಾಂಡಿನ ಅಂಗಡಿಯವರು, ನಮ್ಮಂಥ ನೆಂಟರು. ಭಾವನ ಮುಖ ನೋಡಿ ಅಷ್ಟೂ ಜನ ಪಾಸ್ ಮಾಡಿಸಿಬಿಟ್ಟರು. ಹೀಗಾಗಿ ಟಿಕೆಟ್ ತೆಗೆಸುವವರು ಯಾರೂ ಉಳಿಯಲಿಲ್ಲ. ಎಂಟು ಟಿಕೆಟ್ ಹೋಗದೆ ಆಟವಿಲ್ಲ. ಸೋಮವಾರ ಆಟ ರದ್ದಾಯಿತು. ಮಂಗಳವಾರವೂ ರದ್ದು. ಬುಧವಾರ ಹದಿನೈದು ಮಂದಿ ಗುಲಾಬಿ ಕಾರ್ಡು ಹಿಡಿದು ಕೌಂಟರಿನ ಮುಂದೆ ನಿಂತು, ಪಾಸಿಲ್ಲದವನೊಬ್ಬ ಬರುತ್ತಾನೋ ಎಂದು ರಸ್ತೆ ನೋಡಿದೆವು. ಮಾಲೀಕರು ಹೊರಗೆ ಬಂದು ಸಮಾಧಾನದಿಂದಲೇ ಹೇಳಿದರು: "ನೀವೆಲ್ಲ ಬಂದದ್ದು ಸಂತೋಷ. ಆದ್ರೆ ಪಾಸಿನ ತಲೆ ಲೆಕ್ಕಕ್ಕಿಲ್ಲ."

ಥಿಯೇಟರನ್ನು ಉಳಿಸಲು ಹೊರಟವರು ನಾವೇ ಸೇರಿ ಅದರ ಕತ್ತು ಹಿಸುಕಿದ್ದೆವು, ಪ್ರೀತಿಯಿಂದ.

ಅಕ್ಕ ಸುಮ್ಮನೆ ಕೂರುವವಳಲ್ಲ. ಮರುದಿನ ಒಬ್ಬಳೇ ಹೋಗಿ ಎಂಟು ಟಿಕೆಟ್ ತೆಗೆಸಿ ಕೂತಳು. ಮಾಲೀಕರು ಟಾರ್ಚು ಹಿಡಿದು ಒಳಗೆ ಬಂದರು.

"ಅಕ್ಕಾ, ಉಳಿದ ಏಳು ಜನ ಎಲ್ಲಿ?"

"ಬರ್ತಾರೆ."

"ಎಲ್ಲಿಂದ?"

"ನೀವು ಪಿಕ್ಚರ್ ಹಚ್ಚಿ. ಬರುದು ಬಿಡುದು ಅವ್ರಿಗೆ ಬಿಟ್ಟದ್ದು."

ಮಾಲೀಕರು ಅವಳ ದುಡ್ಡು ವಾಪಸು ಕೊಟ್ಟು, ಭಾವನನ್ನು ಕೆಳಗೆ ಕರೆದು ಹೇಳಿದ್ದು ಇಷ್ಟು: ನನಗೆ ದಯೆ ಬೇಡ, ಜನ ಬೇಕು. ಹಾಲನ್ನು ಮದುವೆ ಮಂಟಪ ಮಾಡುತ್ತೇವೆಂದು ಕೇಳುವವರಿದ್ದಾರೆ. ಬರುವ ಶುಕ್ರವಾರದಿಂದ ಗುರುವಾರದವರೆಗೆ ಒಂದು ವಾರ ನೋಡುತ್ತೇನೆ. ಸಂಜೆ ಆರರ ಆಟಕ್ಕೆ ಪ್ರತಿ ದಿನ ಟಿಕೆಟ್ ಹರಿಸಿಕೊಂಡ ಎಂಟು ತಲೆ ಸೀಟಿನಲ್ಲಿ ಕಾಣಬೇಕು. ಕಂಡರೆ ಚೌತಿ ಮುಗಿದು ದೀಪಾವಳಿಯವರೆಗೆ ನಡೆಸುತ್ತೇನೆ. ಒಂದು ದಿನ ತಪ್ಪಿದರೂ ಇಲ್ಲ. ಅವರು ಕೆಟ್ಟವರಲ್ಲ. ಖಾಲಿ ಕುರ್ಚಿಗಳನ್ನು ನೋಡಿ ದಣಿದಿದ್ದರು.

ಭಾವ ಯಾರನ್ನೂ ಕರೆಯಲಿಲ್ಲ. "ಜನ ತಾವಾಗಿ ಬಂದ್ರೆ ಬರ್ಲಿ" ಎಂದು ಕ್ಯಾಬಿನ್ ಹತ್ತಿದರು. ಕರೆದವಳು ಅಕ್ಕ. ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಎಂಟು ಜನರನ್ನು ಬರೆದಳು. ಪಾಸಿದ್ದವರೂ ಪಾಸನ್ನು ಮನೆಯಲ್ಲಿಟ್ಟು ಟಿಕೆಟ್ ತೆಗೆಸಬೇಕು. ಶುಕ್ರವಾರ ಹತ್ತು ತಲೆಯಾಯಿತು. ಭಾನುವಾರ ಹದಿಮೂರು. ಮಂಗಳವಾರ ಎಂಟು, ಅದರಲ್ಲಿ ಒಬ್ಬ ಡ್ಯೂಟಿ ಮುಗಿಸಿ ನಿದ್ದೆ ಮಾಡಲು ಬಂದ ಬಸ್ ಕಂಡಕ್ಟರ್. ಬುಧವಾರವೂ ದಾಟಿತು. ಉಳಿದದ್ದು ಗುರುವಾರ. ಆ ಚೌಕದಲ್ಲಿ ಅಕ್ಕ, ನನ್ನ ಹೆಂಡತಿ, ಪಕ್ಕದ ಮನೆಯ ಗಂಡ ಹೆಂಡತಿ, ಒಬ್ಬ ನಿವೃತ್ತ ಪೋಸ್ಟ್‌ಮನ್, ಚಹಾ ಅಂಗಡಿಯವನ ಇಬ್ಬರು ಅಳಿಯಂದಿರು. ಎಂಟನೆಯವನು ನಾನು.

ಅರ್ಧ ದಿನ ರಜೆ ಹಾಕಿದೆ. ಹೆಂಡತಿ ಮಧ್ಯಾಹ್ನವೇ ಬಸ್ಸಿಗೆ ಹೋಗಿ ಅಂಕೋಲೆ ಮುಟ್ಟಿದ್ದಳು. ನಾನು ಮನೆಗೆ ಬಂದು, ಒಬ್ಬನೇ ಚಹಾ ಮಾಡಿಕೊಂಡು ಕುಡಿದು, ನಾಲ್ಕೂವರೆಗೆ ಸ್ಕೂಟರು ಹತ್ತಿದೆ. ಒಂದು ತಾಸಿನ ದಾರಿ, ಒಂದೂವರೆ ತಾಸು ಕೈಯಲ್ಲಿ. ಮಳೆ ಹನಿಯುತ್ತಿತ್ತು, ಸುರಿಯುತ್ತಿರಲಿಲ್ಲ. ಗುಡ್ಡಗಳು ಇದ್ದಲ್ಲೇ ಇದ್ದವು. ಚಕ್ರದಲ್ಲಿ ಗಾಳಿಯಿತ್ತು. ಏನೂ ಕೆಡುತ್ತಿಲ್ಲ ಎನ್ನುವುದೇ ನನಗೆ ಸರಿಹೋಗಲಿಲ್ಲ. ಅಮದಳ್ಳಿ ಬಂತು, ಪಂಕ್ಚರೂ ಆಗಲಿಲ್ಲ. ಹಾಗಾದರೆ ಕೆಟ್ಟಿರುವುದು ಹಿಂದೆ, ಮನೆಯಲ್ಲಿ ಎಂದು ನನಗೆ ಖಾತ್ರಿಯಾಯಿತು. ಚಹಾ ಇಳಿಸಿದ್ದು ನೆನಪಿದೆ, ಸೋಸಿದ್ದು ನೆನಪಿದೆ. ಗ್ಯಾಸ್ ತಿರುಗಿಸಿದ್ದು ನೆನಪಿಲ್ಲ. ಕೆಳಗಿನ ಮನೆಯವರಿಗೆ ಫೋನ್ ಮಾಡಬಹುದಿತ್ತು. ಆದರೆ ಕಳ್ಳತನದ ಭಯಕ್ಕೆ ನಾನು ಅವರಿಗೆ ಕೀಲಿ ಕೊಟ್ಟಿಟ್ಟಿಲ್ಲ.

ಬಸ್ ತಂಗುದಾಣದಲ್ಲಿ ಸ್ಕೂಟರು ನಿಲ್ಲಿಸಿ ಲೆಕ್ಕ ಹಾಕಿದೆ. ಹೋಗಿ ಬರಬಹುದು, ಸ್ವಲ್ಪ ಜೋರಾಗಿ ಹೋದರೆ. ಜೋರಾಗಿ ಹೋಗಲು ನನಗೆ ಹೆದರಿಕೆ ಎಂಬುದನ್ನು ಆ ಲೆಕ್ಕದಲ್ಲಿ ಸೇರಿಸಲಿಲ್ಲ. ತಿರುಗಿಸಿದೆ.

ಅಡುಗೆಮನೆಯ ದೀಪ ಹಾಕಿದಾಗ ಐದೂ ಇಪ್ಪತ್ತೈದು. ಗ್ಯಾಸ್ ಬಂದಾಗಿತ್ತು. ಒಲೆಯದೂ ಬಂದ್, ಸಿಲಿಂಡರಿನದೂ ಬಂದ್. ನೀರು ಸೋರುವ ರೈನ್‌ಕೋಟಿನಲ್ಲಿ ಅದನ್ನೇ ನೋಡುತ್ತ ನಿಂತಿದ್ದಾಗ ಫೋನ್ ಬಂತು. ಹೆಂಡತಿ.

"ಎಲ್ಲಿದ್ರಿ?"

ಇಪ್ಪತ್ತು ವರ್ಷದಿಂದ ಅವಳು ನನ್ನ ಗ್ಯಾಸ್ ನೋಡುವ ಚಟವನ್ನು ಊರಿಗೆಲ್ಲ ಹೇಳಿ ನಗಿಸಿದವಳು. ಅಂದು ಅದನ್ನು ಹೇಳಲು ನನಗೆ ನಾಚಿಕೆಯಾಯಿತು.

"ಹಟ್ಟಿಕೇರಿ ಟೋಲಿನ ಹತ್ರ ಬಂದೆ" ಅಂದೆ. ಅಲ್ಲಿಂದ ಅಂಕೋಲೆಗೆ ಕಾಲು ಗಂಟೆಯ ದಾರಿ.

"ಹಾಂಗಾದ್ರೆ ಆಯ್ತು. ಇಲ್ಲಿ ಟೇಲರಣ್ಣ ಅಂಗಡಿ ಮುಚ್ಚಿ ಮನೆಗೆ ಹೊರಟಿದ್ದ. ಬೇಕಾದ್ರೆ ಎಂಟನೇ ತಲೆಗೆ ನಾ ಕೂತ್ಕಂಡು ಹೋಗ್ತೆ ಅಂತಿದ್ದ. ನಿಲ್ಸಲಾ ಬೇಡ್ವಾ?"

"ಬೇಡ ಬೇಡ. ನಾ ಬಂದೇ ಬಿಟ್ಟೆ."

ಅಂಕೋಲೆ ಮುಟ್ಟಿದಾಗ ಆರೂ ಇಪ್ಪತ್ತೈದು. ಕೌಂಟರಿನ ಕಿಟಕಿ ಮುಚ್ಚಿತ್ತು. ಪೋಸ್ಟ್‌ಮನ್ ಛತ್ರಿ ಬಿಡಿಸುತ್ತಿದ್ದರು. ಮಾಲೀಕರು ಆರಕ್ಕೆ ಟಾರ್ಚು ಹಾಕಿ ಏಳು ಎಣಿಸಿದ್ದರಂತೆ. ತಮ್ಮ ಹಟ್ಟಿಕೇರಿಗೆ ಬಂದಿದ್ದಾನೆ ಎಂದು ಅಕ್ಕ ಹೇಳಿದ್ದಕ್ಕೆ ಕಾಲು ಗಂಟೆ ಕಾದರಂತೆ. ಆಮೇಲೆ ಇನ್ನೊಮ್ಮೆ ಎಣಿಸಿದರಂತೆ. ಅಕ್ಕ ಮೆಟ್ಟಿಲ ಮೇಲೆ ಮಂಡಿ ಒತ್ತಿಕೊಳ್ಳುತ್ತ ಕೂತಿದ್ದಳು. ಹೆಂಡತಿ ನನ್ನ ರೈನ್‌ಕೋಟನ್ನು ನೋಡಿದಳು, ನನ್ನ ಮುಖ ನೋಡಿದಳು.

ಭಾವ ಕ್ಯಾಬಿನ್ನಿನ ಬೀಗ ಹಾಕಿ ಕೆಳಗಿಳಿದು ಬಂದರು. ಕೈಯಲ್ಲಿ ಊಟದ ಡಬ್ಬಿ, ತಾವು ಕೂರುತ್ತಿದ್ದ ಸ್ಟೂಲಿನ ಮೇಲಿನ ದಿಂಬು.

"ಟೋಲಿನಾಗೆ ಗದ್ದಲ ಇತ್ತಾ ತಮಾ?"

ತಪ್ಪಿಸಿಕೊಳ್ಳಲು ದಾರಿಯನ್ನೂ ಅವರೇ ಮಾಡಿಕೊಟ್ಟರು.

"ಹೌದು ಭಾವ. ಸಿಕ್ಕಾಪಟ್ಟೆ."

"ಇರ್ತದೆ. ಮಳೆಗಾಲ ಅಲ್ದಾ." ಎರಡು ಮೆಟ್ಟಿಲು ಇಳಿದು ತಿರುಗಿ ನೋಡಿದರು. "ನೀ ಒದ್ದೆ ಆಗೀದೆ. ಮನೆಗೆ ನಡಿ, ಚಹಾ ಕುಡಿವಾ."

ಈಗ ಹಾಲಿನ ಮುಂದೆ ಮದುವೆ ಮಂಟಪದ ಕಬ್ಬಿಣದ ಕಮಾನು ಎದ್ದಿದೆ, ಕುರ್ಚಿಗಳನ್ನು ಲಾರಿಯಲ್ಲಿ ಒಯ್ದರು. ಭಾವ ಬೈತಖೋಲದ ಗೇಟಿನಲ್ಲಿ ನೀಲಿ ಅಂಗಿ ಹಾಕಿ ನಿಲ್ಲುತ್ತಾರೆ. ನಮ್ಮ ಆಫೀಸಿನ ದಾರಿ ಅದೇ. ಐಸ್ ಪುಡಿಮಾಡುವ ಯಂತ್ರದ ಸದ್ದಿಗೆ ಅವರಿಗೆ ನನ್ನ ಸ್ಕೂಟರು ಕೇಳುವುದಿಲ್ಲ. ಕಂಡರೆ ಮಾತ್ರ ಕೈ ಎತ್ತುತ್ತಾರೆ. ಪಾಸು ಇನ್ನೂ ನನ್ನ ಪಾಕೀಟಿನಲ್ಲಿದೆ. ಮೂರು ತಿಂಗಳ ಅವಧಿ ಮುಗಿದಿಲ್ಲ.

ಆ ಗುರುವಾರ ಗುಡ್ಡ ಜರಿಯಲಿಲ್ಲ. ಕರೆಂಟು ಒಮ್ಮೆಯೂ ಹೋಗಲಿಲ್ಲ. ಪಾಸ್‌ವರ್ಡು ಮಧ್ಯಾಹ್ನವೇ ಬಂದಿತ್ತಂತೆ. ಬಸ್ಸು ತಪ್ಪಲಿಲ್ಲ, ಮಂಡಿ ತಡೆದುಕೊಂಡಿತು, ಬಾವಲಿಗಳು ಅಲುಗಲಿಲ್ಲ, ಬಿ.ಪಿ. ನೂರಾ ಮೂವತ್ತು. ಹಟ್ಟಿಕೇರಿಯ ಟೋಲಿನಲ್ಲಿ ನಾನು ದಾಟುವಾಗ ಮುಂದೆ ಒಂದು ವಾಹನವೂ ಇರಲಿಲ್ಲ. ಬಂದಾಗಿದ್ದ ಗ್ಯಾಸನ್ನು ನೋಡಲು ನಾನೊಬ್ಬ ಮನೆಗೆ ಹೋಗಿ ಬಂದೆ, ಅಷ್ಟೇ.