ಇಲಿಯಕ್ಕ ಕೊಟ್ಟ ಉತ್ತರ

ಅವಳಿಗೆ ಇಲಿಯಕ್ಕ ಎಂದು ಹೆಸರಿಟ್ಟವನು ಅವಳ ಸ್ವಂತ ತಮ್ಮ. ವರ್ಷಗಟ್ಟಲೆ ಓದಿ, ತಲೆಕೂದಲು ಅರ್ಧ ಉದುರಿಸಿಕೊಂಡು, ಹೆಸರಿನ ಮುಂದೆ ಡಾಕ್ಟರ್ ಎಂದು ಅಂಟಿಸಿಕೊಂಡವಳಿಗೆ ಮನೆಯವರು ಕೊಟ್ಟ ಬಿರುದು ಇದು. ನೆಂಟರು ಜ್ವರ ಬಂದಾಗ ಅವಳ ಹತ್ತಿರ ಮಾತ್ರೆ ಕೇಳುತ್ತಿದ್ದರು. ನಾನು ಮನುಷ್ಯರ ಡಾಕ್ಟರಲ್ಲ ಎಂದರೆ "ಹಾಗಾದ್ರೆ ದನದ ಡಾಕ್ಟರಾ?" ಎನ್ನುತ್ತಿದ್ದರು. ದನದ್ದೂ ಅಲ್ಲ, ಇಲಿಯದು ಎಂದಾಗ ಮನೆಯೆಲ್ಲ ನಗು. ಅವಳೂ ಜೊತೆಗೆ ನಗುತ್ತಿದ್ದಳು. ನಗದೆ ಏನು ಮಾಡುತ್ತಾಳೆ ಪಾಪ.

ಅವಳ ಕೆಲಸದ ಕೋಣೆ ಸಂಶೋಧನಾಲಯದ ನೆಲಮಾಳಿಗೆಯಲ್ಲಿತ್ತು. ಇಲಿಗೆ ಹಗಲು ನಿದ್ದೆ, ರಾತ್ರಿ ಚುರುಕು. ಹಾಗೆಂದು ರಾತ್ರಿಯೆಲ್ಲ ಕಾಯುತ್ತ ಕೂರಲು ಯಾರಿಂದಾದೀತು? ಅದಕ್ಕೇ ಅಲ್ಲಿ ಹಗಲನ್ನೇ ರಾತ್ರಿ ಮಾಡಿದ್ದರು. ಕಿಟಕಿ ಇಲ್ಲ, ಮೂಲೆಯಲ್ಲಿ ಒಂದು ಮಂದ ಕೆಂಪು ದೀಪ, ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ, ಪ್ರತಿ ಪೆಟ್ಟಿಗೆಯಲ್ಲಿ ಮರದ ಹೊಟ್ಟು ಮತ್ತು ತಲೆಕೆಳಗಾಗಿ ನೇತು ಹಾಕಿದ ನೀರಿನ ಬಾಟಲಿ. ಅಲ್ಲಿಯ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಎಷ್ಟು ನೂಕುನುಗ್ಗಲಿದ್ದರೂ ಕೊನೆಗೇ ತುಂಬುತ್ತಿತ್ತು.

ಅವಳು ಮಾಡುತ್ತಿದ್ದ ಪ್ರಯೋಗ ಕೇಳಲು ಸುಲಭ. ಒಂದು ಗಂಡಿಲಿಯನ್ನು ಕೆಲವು ವಾರ ಒಂದೇ ಪೆಟ್ಟಿಗೆಯಲ್ಲಿ ಇಡುವುದು. ಅಷ್ಟರಲ್ಲಿ ಅದಕ್ಕೆ ಇದು ತನ್ನ ಮನೆ ಎಂಬ ಗತ್ತು ಬಂದಿರುತ್ತದೆ. ಆಮೇಲೆ ಅದೇ ಪೆಟ್ಟಿಗೆಗೆ ಗುರುತಿಲ್ಲದ ಇನ್ನೊಂದು ಗಂಡಿಲಿಯನ್ನು ಬಿಡುವುದು. ಮನೆಯ ಯಜಮಾನ ಮೂಸಿ ಸುಮ್ಮನಾಗುತ್ತದೋ, ಮೇಲೆ ಬೀಳುತ್ತದೋ, ಬಿದ್ದರೆ ಎಷ್ಟು ಬೇಗ ಎಂದು ನೋಡುವುದು. ಕೆಲವು ತಳಿಯ ಇಲಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಕಚ್ಚುತ್ತಿದ್ದವು. ಅವುಗಳ ಬಟಾಣಿ ಗಾತ್ರದ ಮೆದುಳಿನಲ್ಲಿ ಯಾವ ರಸ ಹೆಚ್ಚು, ಯಾವುದು ಕಡಿಮೆ ಎಂದು ಹುಡುಕುವುದು ಇಲಿಯಕ್ಕನ ಜೀವನದ ಕೆಲಸ. ಈ ಪ್ರಯೋಗಕ್ಕೆ ಒಂದು ಕಟ್ಟಳೆಯಿತ್ತು. ಒಂದು ಸಲ ಕಚ್ಚಿದ ಕೂಡಲೇ ನಡುವೆ ಹಲಗೆ ಇಳಿಸಿ ಹೊಸ ಇಲಿಯನ್ನು ಹೊರಗೆ ತೆಗೆಯಬೇಕು. ಪ್ರಾಣಿಗಳಿಗೆ ಹಿಂಸೆ ಆಗದಂತೆ ನೋಡಿಕೊಳ್ಳುವ ಸಮಿತಿ ಹಾಕಿದ ನಿಯಮ ಅದು. ಇಲಿಯಕ್ಕ ಅದನ್ನು ಎಂದೂ ಮೀರಿದವಳಲ್ಲ.

ಅವಳು ಈ ಹುಡುಕಾಟಕ್ಕೆ ಬಿದ್ದದ್ದು ಅಪ್ಪನಿಂದ. ಅಪ್ಪ ಹೊರಗಿನವರಿಗೆಲ್ಲ ದೇವರಂಥ ಮನುಷ್ಯ. ಸಂಜೆ ಅವನು ಚಪ್ಪಲಿ ಬಿಡುವ ಸದ್ದಿನಲ್ಲೇ ಅಮ್ಮನಿಗೆ ಅವತ್ತಿನ ಹಣೆಬರಹ ಗೊತ್ತಾಗುತ್ತಿತ್ತು. ಅಜ್ಜಿ ಸೊಸೆಯ ಕೆನ್ನೆಗೆ ಒದ್ದೆ ಬಟ್ಟೆ ಒತ್ತುತ್ತ "ಇವನ ಅಪ್ಪನೂ ಹೀಗೇ. ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎನ್ನುತ್ತಿದ್ದಳು. ಬಾಗಿಲ ಸಂದಿಯಲ್ಲಿ ನಿಂತ ಹುಡುಗಿಗೆ ಆ ಹುಟ್ಟುಗುಣ ಮೈಯಲ್ಲಿ ಎಲ್ಲಿ ಅಡಗಿದೆ ಎಂದು ಹುಡುಕಿ ಕಿತ್ತುಹಾಕುವ ಹಟ ಹುಟ್ಟಿತು. ನಿಜ ಹೇಳಬೇಕೆಂದರೆ ಹಟದ ಕೆಳಗೆ ಇನ್ನೊಂದಿತ್ತು. ಅವಳಿಗೆ ಅಪ್ಪನ ಮೇಲೆ ಪ್ರೀತಿ. ಕಾರಣ ಮೈಯಲ್ಲೇ ಸಿಕ್ಕಿಬಿಟ್ಟರೆ ಅಪ್ಪ ಬೇಕೆಂದು ಹೊಡೆದವನಲ್ಲ ಎಂದಾಗುತ್ತದೆ. ಅಪ್ಪ ಸತ್ತು, ಅವಳಿಗೆ ಐವತ್ತು ದಾಟಿದರೂ ಆ ಆಸೆ ಹೋಗಿರಲಿಲ್ಲ.

ತಮ್ಮನಿಗೆ ಅಪ್ಪನ ಮೂಗು ಬಂದಿತ್ತು, ಅಪ್ಪನ ನಡಿಗೆ ಬಂದಿತ್ತು. ಮದುವೆಯಾದ ಮೇಲೆ ಅಪ್ಪನ ಕೈಯೂ ಬಂತು. ಅವನು ಒಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದ. ಒಂದು ದಿನ ಇಲಿಯಕ್ಕ ಬಲ್ಬು ಕೊಳ್ಳಲು ಹೋದಾಗ ಮಾಲೀಕ ಗಿರಾಕಿಗಳ ಎದುರಿಗೇ ಅವನನ್ನು ಕತ್ತೆ ಎಂದು ಬೈಯುತ್ತಿದ್ದ. ತಮ್ಮ ತಲೆ ತಗ್ಗಿಸಿ, ಬಲ್ಬನ್ನು ಪರೀಕ್ಷಿಸಿ, ಕಾಗದದಲ್ಲಿ ಸುತ್ತಿ, "ಸರಿ ಸಾರ್, ಆಯ್ತು ಸಾರ್" ಎಂದ. ಅವತ್ತು ಸಂಜೆ ಮನೆಗೆ ಹೋಗಿ ಹೆಂಡತಿಯ ಮಣಿಕಟ್ಟು ತಿರುಚಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಆ ಹೆಂಡತಿ ಬಟ್ಟೆ ಅಂಗಡಿಯೊಂದರಲ್ಲಿ ಸಿದ್ಧ ಉಡುಪುಗಳನ್ನು ಗಿರಾಕಿಯ ಅಳತೆಗೆ ಸರಿಪಡಿಸುವ ಕೆಲಸದವಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅಭ್ಯಾಸವಾಗಿಯೋ ಏನೋ, ಮಾತು ಕಡಿಮೆ.

ಅದೇ ವರ್ಷ ಒಂದು ಪತ್ರಿಕೆಯವರು ಇಲಿಯಕ್ಕನ ಪ್ರಯೋಗದ ಬಗ್ಗೆ ಬರೆದರು. ಅವಳು ಒಂದು ಗಂಟೆ ಕೂತು, ಇಲಿ ಬೇರೆ ಮನುಷ್ಯ ಬೇರೆ, ಇದು ಹಲವು ಕಾರಣಗಳಲ್ಲಿ ಒಂದು ಮಾತ್ರ ಎಂದು ಬಿಡಿಸಿ ಬಿಡಿಸಿ ಹೇಳಿದ್ದಳು. ಅಚ್ಚಾದ ತಲೆಬರಹ: ಸಿಟ್ಟು ರಕ್ತದಲ್ಲೇ ಇದೆ. ಅವಳು ಫೋನ್ ಮಾಡಿ ಜಗಳವಾಡಿದಳು. ತಮ್ಮ ಮಾತ್ರ ಆ ತುಂಡನ್ನು ಕತ್ತರಿಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಜೇಬಿನಲ್ಲಿಟ್ಟುಕೊಂಡ.

"ನೋಡಕ್ಕ, ಇಷ್ಟು ದಿನ ನನ್ನನ್ನ ರಾಕ್ಷಸ ಅಂತಿದ್ರು. ನಿನ್ನಿಂದ ನನ್ನ ತಲೆ ಮೇಲಿನ ಭಾರ ಇಳೀತು" ಎಂದ. ಕಣ್ಣಲ್ಲಿ ನೀರು ಬೇರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ನೆಲ ಡೊಂಕೆಂದು ಬರೆದುಕೊಟ್ಟವಳು ಅಕ್ಕನೇ ಆಗಿದ್ದಳು.

ಹೆಂಡತಿ ತನ್ನ ಅಪ್ಪನ ಮನೆಗೆ ಹೊರಟುಹೋದಳು. ಈ ಸಲ ಹೇಳದೆ, ಹೊಲಿಗೆ ಯಂತ್ರವನ್ನೂ ಹೊತ್ತುಕೊಂಡು. ಕೆಲವು ದಿನ ಕಳೆದ ಮೇಲೆ ತಮ್ಮ ಮಾತುಕತೆಗೆಂದು ಹೊರಟ. ಜೊತೆಗೆ ಅಕ್ಕನನ್ನು ಕರೆದ. ಇಲಿಯಕ್ಕ ಹೋದದ್ದು ಒಳ್ಳೆಯ ಮನಸ್ಸಿನಿಂದಲೇ. ನಡುವೆ ನಿಂತು ನ್ಯಾಯ ಹೇಳುತ್ತೇನೆ ಅಂದುಕೊಂಡಿದ್ದಳು.

ಹುಡುಗಿಯ ಅಪ್ಪ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಮನೆಯ ಮುಂಗೋಣೆಯಲ್ಲಿ ಒಂದು ಬೆಂಚು, ಎರಡು ಕುರ್ಚಿ. ಅಡುಗೆಮನೆಯ ಬಾಗಿಲಿಗೆ ಒರಗಿ ಮಗಳು ನಿಂತಿದ್ದಳು. ಕೈ ಮೇಲಿನ ಕಲೆ ಹಳದಿಗೆ ತಿರುಗಿತ್ತು. ತಮ್ಮ ಪ್ಲಾಸ್ಟಿಕ್ ಹೊದಿಕೆಯ ಪತ್ರಿಕೆ ತುಂಡನ್ನು ಮಾವನ ಕೈಗೆ ಕೊಟ್ಟ. ಮುದುಕ ಕನ್ನಡಕ ಹಾಕಿ ನಿಧಾನಕ್ಕೆ ಓದಿದ. ಓದಿ ಮುಗಿಸಿ ಅಳಿಯನ ಕಡೆ ತಿರುಗಲಿಲ್ಲ, ಇಲಿಯಕ್ಕನ ಕಡೆ ತಿರುಗಿದ.

"ನೋಡಮ್ಮ, ನಾನು ಓದಿದವನಲ್ಲ. ನೀವು ಇದನ್ನೇ ಓದಿದವರು. ಒಂದೇ ಮಾತು ಕೇಳ್ತೀನಿ. ಇದು ರೋಗಾನೋ, ಕೊಬ್ಬೋ? ರೋಗ ಆದ್ರೆ ಪಾಪ ಅವನೇನ್ಮಾಡ್ತಾನೆ, ಔಷಧಿ ಕೊಡಿಸೋಣ, ಮಗಳು ಹೋಗ್ಲಿ. ಕೊಬ್ಬಾದ್ರೆ ಇವಳು ಇಲ್ಲೇ ಇರ್ಲಿ. ನನ್ನ ಊಟದಲ್ಲಿ ಅವಳಿಗೂ ಒಂದು ತುತ್ತಿದೆ."

ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿಜ್ಞಾನಿಯೂ ಅವಳಿಗೆ ಕೇಳಿರಲಿಲ್ಲ. ಕೊಬ್ಬು ಎಂದರೆ ಸಾಕಿತ್ತು. ಎರಡಕ್ಷರ. ಅವಳಿಗೆ ಗೊತ್ತಿಲ್ಲದೆಯೂ ಇರಲಿಲ್ಲ. ಅವಳ ಕೋಣೆಯ ಅತಿ ಕ್ರೂರ ಇಲಿ ಕೂಡ ಎದುರಿಗೆ ಬಂದದ್ದು ತನಗಿಂತ ದಪ್ಪ ಇದ್ದರೆ ಮೂಸಿ ಮೂಲೆಗೆ ಹೋಗುತ್ತಿತ್ತು. ಅದನ್ನು ಅವಳು ಎಷ್ಟೋ ಸಲ ಕಣ್ಣಾರೆ ಕಂಡಿದ್ದಳು. ಮಾಲೀಕನೆದುರು ಬಲ್ಬು ಸುತ್ತುತ್ತಿದ್ದ ತಮ್ಮನನ್ನೂ ಕಂಡಿದ್ದಳು. ಮನೇಲಿ ಹುಲಿ, ಬೀದೀಲಿ ಇಲಿ ಎಂದು ಊರ ಜನ ಯಾವ ಪ್ರಯೋಗಾಲಯವೂ ಇಲ್ಲದೆ ಕಂಡುಹಿಡಿದ ಸತ್ಯ ಅದು.

ಆದರೆ ಖಂಡಿತ ಎನ್ನುವ ಮಾತು ಅವಳ ಬಾಯಿಂದ ಹೊರಟು ವರ್ಷಗಳಾಗಿದ್ದವು. ಅವಳ ಕಸುಬಿನಲ್ಲಿ ಖಂಡಿತ ಎಂದವರನ್ನು ನೋಡಿ ನಗುತ್ತಾರೆ. ಇರಬಹುದು, ಅಲ್ಲಗಳೆಯಲಾಗದು, ಇನ್ನೂ ನೋಡಬೇಕು, ಹೀಗೆ ಹೇಳುವವರೇ ಅಲ್ಲಿ ಒಳ್ಳೆಯ ಮನುಷ್ಯರು. ಅದೂ ಅಲ್ಲದೆ, ತಮ್ಮನದು ಕೊಬ್ಬು ಎಂದುಬಿಟ್ಟರೆ ಅಪ್ಪನದೂ ಕೊಬ್ಬೇ ಆಗಬೇಕಿತ್ತು.

"ರೋಗ ಅಲ್ಲ ಅಂತ ಖಂಡಿತವಾಗಿ ಹೇಳೋಕಾಗಲ್ಲ" ಎಂದಳು. "ಹುಟ್ಟಿನಿಂದ ಬಂದಿದ್ದೂ ಸ್ವಲ್ಪ ಇರಬಹುದು, ಬೆಳೆದ ರೀತೀನೂ ಇರಬಹುದು. ಇನ್ನೂ ಸಂಶೋಧನೆ ಆಗಬೇಕು."

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಆದರೆ ಆ ದೀಪದ ಬೆಳಕು ಬಿದ್ದದ್ದು ತಮ್ಮನ ಕಡೆಗೆ ಮಾತ್ರ. ಮುದುಕ ಮೊದಲ ವಾಕ್ಯವನ್ನಷ್ಟೇ ಕೇಳಿದ. "ಹಾಗಾದ್ರೆ ರೋಗಾನೇ ಅನ್ನಿ" ಎಂದು ಉಸಿರುಬಿಟ್ಟು, ಮಗಳನ್ನು ನೋಡಿ "ಡಾಕ್ಟರಮ್ಮ ಹೇಳಿದ್ದು ಕೇಳಿದ್ಯಲ್ಲಮ್ಮ" ಎಂದ. ಮಗಳು ಇಲಿಯಕ್ಕನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು, ಇನ್ನೂ ಏನಾದರೂ ಹೇಳುತ್ತಾಳೇನೋ ಎಂದು. ಇಲಿಯಕ್ಕ ಚಹಾ ಲೋಟ ಎತ್ತಿಕೊಂಡಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಸಂಜೆಯ ಬಸ್ಸಿನಲ್ಲಿ ಹೊಲಿಗೆ ಯಂತ್ರ ವಾಪಸು ಬಂತು.

ಔಷಧಿ ಕೊಡಿಸುವ ಮಾತು ಮಾತಾಗಿಯೇ ಉಳಿಯಿತು. ರಕ್ತದಲ್ಲಿರುವುದಕ್ಕೆ ಯಾವ ಔಷಧಿ ಎಂದು ತಮ್ಮನೇ ನಕ್ಕ. ಮೊದಲು ಹೊಡೆದ ಮೇಲೆ ಅವನಿಗೆ ಎರಡು ದಿನವಾದರೂ ನಾಚಿಕೆ ಇರುತ್ತಿತ್ತು, ಈಗ ಅದೂ ಹೋಯಿತು. ಆರು ತಿಂಗಳು ತುಂಬುವ ಮೊದಲೇ ಒಂದು ಏಟು ಹೆಂಡತಿಯ ಬಲಗಿವಿಗೆ ಬಿತ್ತು. ಕಿವಿಯ ತಮಟೆ ಹರಿದು, ಕೀವಾಗಿ, ಆ ಕಿವಿ ಕೇಳದೇ ಹೋಯಿತು.

ಸುದ್ದಿ ತಿಳಿದ ದಿನ ಇಲಿಯಕ್ಕ ಊಟ ಮಾಡಲಿಲ್ಲ. ಸಂಶೋಧನಾಲಯದ ಪಕ್ಕದ ಆಸ್ಪತ್ರೆಯಲ್ಲಿ ಪರಿಚಯದ ಕಿವಿ ಡಾಕ್ಟರಿದ್ದರು. ಅವರಿಗೆ ಹೇಳಿ, ತಮ್ಮನ ಹೆಂಡತಿಯನ್ನು ಬರಮಾಡಿಕೊಂಡು ತಾನೇ ತೋರಿಸಿದಳು. ಡಾಕ್ಟರು ಕೈಚೆಲ್ಲಿದರು. ಹೊರಗೆ ಬಂದ ಮೇಲೆ ಇಲಿಯಕ್ಕನಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಮಧ್ಯಾಹ್ನದ ಪ್ರಯೋಗ ಒಂದು ಬಾಕಿಯಿತ್ತು. "ಹತ್ತು ನಿಮಿಷ ಬಾ, ಆಮೇಲೆ ನಾನೇ ಬಸ್ಸು ಹತ್ತಿಸ್ತೀನಿ" ಎಂದಳು.

ಕೆಂಪು ಕತ್ತಲಲ್ಲಿ ತಮ್ಮನ ಹೆಂಡತಿ ಎತ್ತರದ ಸ್ಟೂಲಿನ ಮೇಲೆ ಕೈಚೀಲ ಹಿಡಿದು ಕೂತಳು. ಇಲಿಯಕ್ಕ ಪೆಟ್ಟಿಗೆಯ ಮುಚ್ಚಳ ಸರಿಸಿ ಹೊಸ ಇಲಿಯನ್ನು ಬಿಟ್ಟಳು. ಯಜಮಾನ ಮೂಸಿತು, ಬಾಲ ಬಡಿಯಿತು, ಎಗರಿ ಬೆನ್ನಿಗೆ ಬಾಯಿ ಹಾಕಿತು. ಕೀಚ್ ಎನ್ನುವಷ್ಟರಲ್ಲಿ ಇಲಿಯಕ್ಕ ಹಲಗೆ ಇಳಿಸಿ ಹೊಸದನ್ನು ಅಂಗೈಯಲ್ಲಿ ಎತ್ತಿಕೊಂಡಳು. ರೋಮ ಸರಿಸಿ ಗಾಯ ನೋಡಿ, ಹತ್ತಿಯಿಂದ ಒರೆಸಿ, ಬೇರೆ ಪೆಟ್ಟಿಗೆಯ ಮೆತ್ತನೆ ಹೊಟ್ಟಿನ ಮೇಲೆ ಬಿಟ್ಟಳು.

"ಯಾಕೆ ತೆಗೆದ್ರಿ ಅತ್ತಿಗೆ?"

"ಒಂದ್ಸಲ ಕಚ್ಚಿದ್ರೆ ತೆಗೀಲೇಬೇಕು. ನಿಯಮ."

"ಮತ್ತೆ ಅಲ್ಲಿಗೇ ಬಿಡ್ತೀರಾ?"

"ಛೆ, ಇಲ್ಲ. ಅದೇ ಪೆಟ್ಟಿಗೆಗೆ ಮತ್ತೆ ಬಿಡೋ ಹಾಗಿಲ್ಲ. ಬಿಟ್ರೆ ನನ್ನ ಕೆಲಸಾನೇ..."

ಇಲಿಯಕ್ಕ ಮತ್ತೆ ಹಲಗೆಯ ಮೇಲೆ ಕೈಯಿಟ್ಟಳು. ಬೆನ್ನು ಮಾಡಿ ನಿಂತೇ ಅವಳು ಕೊನೆಗೂ ಆ ಮಾತನ್ನು ಹೇಳಿದಳು. "ಅವನಿಗೆ ಯಾವ ರೋಗಾನೂ ಇಲ್ಲ. ಆಳು ನೋಡಿ ಹೊಡೀತಾನೆ. ಕೊಬ್ಬು."

"ಏನಂದ್ರಿ?" ತಮ್ಮನ ಹೆಂಡತಿ ಎಡಗಿವಿಯನ್ನು ಅವಳ ಕಡೆ ತಿರುಗಿಸಿದಳು. ಇಲಿಯಕ್ಕ ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.

"ಅದು ನನಗೆ ಮೊದಲಿಂದ್ಲೂ ಗೊತ್ತು ಅತ್ತಿಗೆ. ಏಟು ತಿನ್ನೋಳಿಗೆ ಗೊತ್ತಾಗಲ್ವಾ? ಅಪ್ಪನಿಗೆ ಗೊತ್ತಿರ್ಲಿಲ್ಲ, ಪಾಪ. ಅವರು ನಿಮ್ಮನ್ನ ನಂಬಿದ್ರು."

ಅವಳು ಸ್ಟೂಲಿನಿಂದ ಇಳಿದು ಚೀಲ ಹೆಗಲಿಗೆ ಹಾಕಿಕೊಂಡಳು. ಇಲಿಯಕ್ಕ ಕೈಗವಸು ಕಳಚುತ್ತ "ಇವತ್ತು ನಮ್ಮನೆಗೆ ಬಾ. ಅಲ್ಲೇ ಇರು. ಅವನ ಹತ್ತಿರ ನಾನು ಮಾತಾಡ್ತೀನಿ, ನಿಮ್ಮಪ್ಪನ ಹತ್ರಾನೂ ಮಾತಾಡ್ತೀನಿ" ಎಂದು ಗಡಿಬಿಡಿಯಲ್ಲಿ ಹೇಳಿದಳು.

"ಬೇಡ. ನಾನು ಆ ಮನೆ ಬಿಟ್ಟು ಎರಡು ವಾರ ಆಯ್ತು. ಬಟ್ಟೆ ಅಂಗಡಿ ಮೇಲೆ ಒಂದು ಕೋಣೆ ಹಿಡಿದಿದ್ದೀನಿ." ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಅವಳು ತಿರುಗಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಿಮಗೆ ಹೇಳ್ಲಿಲ್ಲ, ಬೇಜಾರು ಮಾಡ್ಕೋಬೇಡಿ. ಹೇಳಿದ್ರೆ ಮತ್ತೆ ಯಾರಾದ್ರೂ ರೋಗಾನೋ ಕೊಬ್ಬೋ ಅಂತ ನಿಮ್ಮನ್ನ ಕೇಳ್ತಿದ್ರು."