ಮೂರು ಗೆರೆಯ ಹೇಂಟೆಗಳು

ಬೀಗ ರಿಪೇರಿ ಮಾಡುತ್ತಿದ್ದುದರಿಂದ ಅವನನ್ನು ಬೀದಿಯವರೆಲ್ಲ ಬೀಗದಣ್ಣ ಅಂತಲೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗೆ ಒಬ್ಬರು ಮಂಡಿ ಮಡಚಿ ಕೂರುವಷ್ಟು ಅಂಗಡಿ, ಗೋಡೆ ತುಂಬ ಕೀಲಿಕೈ. ಯಾರ ಮನೆಯ ಬೀಗ ಕಚ್ಚಿಕೊಂಡರೂ ಅವನೇ ಬೇಕು. ಒಂದು ಸಲ ಪಕ್ಕದ ಮನೆಯ ಬಸ್ ಕಂಡಕ್ಟರ್ ತನ್ನ ಬಚ್ಚಲಲ್ಲಿ ತಾನೇ ಸಿಕ್ಕಿಹಾಕಿಕೊಂಡು, ಒಳಗಿನಿಂದ ವಿಷಲ್ ಊದಿ ಊದಿ ಇವನನ್ನು ಕರೆದಿದ್ದ. ಬಚ್ಚಲಿಗೆ ವಿಷಲ್ ಯಾಕೆ ಒಯ್ದಿದ್ದ ಅಂತ ಅವನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಅದಿರಲಿ, ಮಾತು ಎಲ್ಲಿಗೋ ಹೋಯಿತು. ಹೇಳಬೇಕಾದದ್ದು ಬೀಗದಣ್ಣನ ಕೋಳಿಗಳ ವಿಷಯ.

ಅವನಿಗೆ ಮದುವೆಯಿಲ್ಲ. ಕೇಳಿದವರಿಗೆಲ್ಲ, "ಹೆಣ್ಣು ಒಪ್ಪಿತ್ತು, ಕೋಳಿಗಳು ಒಪ್ಪಲಿಲ್ಲ" ಅನ್ನುತ್ತಿದ್ದ. ಮನೆಯ ಹಿತ್ತಲಲ್ಲಿ ತಂತಿಬಲೆಯ ಎರಡು ಗೂಡು. ಸಾಕಿದ್ದು ಅಪರೂಪದ ಹಳೆಯ ತಳಿ. ಹೇಂಟೆಗಳ ಬಣ್ಣ ಒಣಗಿದ ಹುಣಸೆಹಣ್ಣಿನದು; ಒಂದೊಂದು ಗರಿಯ ಮೇಲೂ ಮೂರು ಸಪೂರ ಕಪ್ಪು ಗೆರೆ, ಒಂದರೊಳಗೊಂದು, ಸೀಸದ ಕಡ್ಡಿಯಲ್ಲಿ ಎಳೆದ ಹಾಗೆ. ಅವನ ಕೈಗೆ ಬಂದಾಗ ಈ ಕೋಳಿಗಳು ಅಂಗೈಯಲ್ಲಿ ಕೂರುವಂತಿದ್ದವು, ಗೆರೆಗಳೂ ಚದುರಿದ್ದವು. ಹದಿನೆಂಟು ವರ್ಷ ಆರಿಸಿ, ತೂಗಿ, ಜೋಡಿ ಮಾಡಿ, ಕೊನೆಗೆ ಎರಡು ಕೈಯಲ್ಲಿ ಎತ್ತಬೇಕಾದ ಹೇಂಟೆಗಳನ್ನು ತಯಾರು ಮಾಡಿದ. ಪ್ರದರ್ಶನದಲ್ಲಿ ಅವುಗಳ ಮುಂದೆ ನಿಂತವರು ಕಾಲು ಕೀಳುತ್ತಿರಲಿಲ್ಲ.

ಈ ತಳಿಯಲ್ಲಿ ಒಂದು ವಿಚಿತ್ರವಿತ್ತು. ಹುಂಜ ಬಹುಮಾನ ಗೆಲ್ಲಬೇಕಾದರೆ ಅದರ ಎದೆ ಕಾಡಿಗೆಯಂತೆ ಅಚ್ಚ ಕಪ್ಪಾಗಿರಬೇಕು. ಆದರೆ ಅಂಥ ಹುಂಜಕ್ಕೆ ಹುಟ್ಟಿದ ಹೇಂಟೆಗಳಲ್ಲಿ ಗೆರೆ ಕಲಸಿಹೋಗುತ್ತದೆ. ಗೆರೆ ಚೊಕ್ಕವಾಗಿ ಬರಬೇಕಾದರೆ ತಂದೆಯ ಎದೆಯಲ್ಲಿ ಕಂದು ಚುಕ್ಕೆ ಚೆಲ್ಲಿರಬೇಕು, ನೋಡಿದವರು ಮೂಗು ಮುರಿಯಬೇಕು. ಅದಕ್ಕೇ ಎರಡು ಗೂಡು. ಒಂದರಲ್ಲಿ ಬಹುಮಾನದ ಹುಂಜ, ಅದಕ್ಕೆ ದೊರೆ ಅಂತ ಹೆಸರು. ಇನ್ನೊಂದರಲ್ಲಿ ಚೆಲುವೆ ಹೇಂಟೆಗಳ ಜೊತೆ, ಒಡಕು ದನಿಯಲ್ಲಿ ಕೂಗುವ ಮಂಕ.

ಮಂಕನೇ ಆ ಹೇಂಟೆಗಳ ತಂದೆ ಅಂತ ಬೀಗದಣ್ಣ ಯಾರಿಗೂ ಹೇಳಲಿಲ್ಲ. ಗೊತ್ತಾದರೆ ಬೇರೆ ಸಾಕಣೆಯವರು ಅದರ ಮರಿ ಕೇಳುತ್ತಾರಲ್ಲ. ಬಂದವರೆದುರು, "ಇದೊಂದು ದಂಡಪಿಂಡ, ಸುಮ್ಮನೆ ಕಾಳು ಮುಕ್ಕತ್ತೆ" ಅಂತ ಬೈಯುತ್ತಿದ್ದ. ಮಂಕನಿಗೆ ಹುಟ್ಟಿದ ಗಂಡುಮರಿಗಳು ಹೊರಗೆ ಹೋಗದ ಹಾಗೆ ಎಳೆಯದರಲ್ಲೇ ಸಾರಿಗೆ ಹಾಕಿಬಿಡುತ್ತಿದ್ದ. ಈ ವರ್ಷ ಒಂದನ್ನು ಉಳಿಸಿಕೊಳ್ಳೋಣ ಅಂದುಕೊಂಡಿದ್ದ. ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂತು.

ಆಪರೇಷನ್ನಿಗೆಂದು ನಾಲ್ಕು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಕೋಳಿ ನೋಡಿಕೊಳ್ಳಲು ತಂಗಿ ಬಂದಳು. ಅವಳು ಮೂವತ್ತು ವರ್ಷ ಹಾಸ್ಟೆಲ್ ಅಡುಗೆಮನೆ ನಡೆಸಿದವಳು. ಖಾಲಿ ಡಬ್ಬಿ ಕಂಡರೆ ತೊಳೆದು ಕವುಚುವ ಕೈ, ಸುಮ್ಮನಿರುವುದೆಂದರೆ ಅವಳಿಗೆ ಜ್ವರ ಬಂದ ಹಾಗೆ. ಅಣ್ಣನೆಂದರೆ ಪ್ರಾಣ. ಕಾಳೆಷ್ಟು, ನೀರೆಷ್ಟು, ಅಗಳಿ ಹೇಗೆ ಅಂತ ಎಲ್ಲ ಚೀಟಿಯಲ್ಲಿ ಬರೆದುಕೊಟ್ಟು ಅವನು ಹೋದ.

ಐದನೆಯ ದಿನ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ. ವಾರವೆಲ್ಲ ಬಗ್ಗಬಾರದು, ಧೂಳಿಗೆ ಹೋಗಬಾರದು ಅಂದಿದ್ದರು. ಅಡುಗೆಮನೆಯ ಕುರ್ಚಿಯಲ್ಲಿ ಕೂತು ಹಿತ್ತಲಿಗೆ ಕಿವಿ ಕೊಟ್ಟ. ದೊರೆ ಎರಡು ಸಲ ಕೂಗಿತು. ಒಡಕು ದನಿ ಮಾತ್ರ ಕೇಳಲಿಲ್ಲ.

"ಮಂಕ ಯಾಕೆ ಕೂಗ್ತಿಲ್ಲ?"

"ಅದನ್ನ ಕಳಿಸ್ಬಿಟ್ಟೆ ಅಣ್ಣ" ಅಂದಳು ತಂಗಿ, ಈರುಳ್ಳಿ ಹೆಚ್ಚುತ್ತಲೇ. "ಕಂಡಕ್ಟರ್ ಮನೇಲಿ ನೆಂಟರು ಬಂದಿದ್ರು. ನಾನು ಬಂದಾಗೆಲ್ಲ ನೀನೇ ಬೈತಿದ್ಯಲ್ಲ, ದಂಡಪಿಂಡ ಅಂತ. ಆ ಜಾಗಕ್ಕೆ ದೊರೇನ ಬಿಟ್ಟಿದೀನಿ. ಒಳ್ಳೇದಕ್ಕೆ ಒಳ್ಳೇದು ಜೋಡಿ ಆಗ್ಲಿ. ನಿಂಗಂತೂ ಇದು ಹೊಳೀಲೇ ಇಲ್ಲ ನೋಡು."

ಅವನು ಕುರ್ಚಿಯ ಕೈ ಹಿಡಿದುಕೊಂಡ. "ಇನ್ನೂ ಇದ್ಯಾ?"

"ಎಲ್ಲಿಂದ ಇರತ್ತೆ? ನಿನ್ನೆ ಮಧ್ಯಾಹ್ನವೇ ಆಯ್ತು. ನಿಂಗೂ ಒಂದು ಬಟ್ಟಲು ಕೊಟ್ಟಿದಾರೆ. ಬಿಸಿ ಮಾಡ್ಲಾ?"

ಅವನು ಬೇಡವೆಂದು ಕೈಯಾಡಿಸಿದ. ಬೈಯಬೇಕೆಂದು ಬಾಯಿ ತೆರೆದರೆ ಏನಂತ ಬೈಯುವುದು? ಅವಳು ಅವನ ಮಾತನ್ನೇ ನಂಬಿದ್ದಳು. ಇಷ್ಟು ದಿನ ಊರಿಗೆ ಹೇಳಿದ ಸುಳ್ಳನ್ನು ಒಡಹುಟ್ಟಿದವಳಿಗೂ ಹೇಳಿದ್ದ.

"ಯಾಕಣ್ಣ, ಕಣ್ಣು ನೋಯ್ತಾ ಇದ್ಯಾ?"

"ಹೂಂ, ಸ್ವಲ್ಪ."

ಅವಳು ಓಡಿಹೋಗಿ ಕಣ್ಣಿನ ಹನಿ ತಂದಳು.

ಮಾರನೆಯ ದಿನ, ಮೊದಲ ಕೋಳಿಗಳನ್ನು ಕೊಟ್ಟಿದ್ದ ಹಿರಿಯರಿಗೆ ಫೋನ್ ಮಾಡಿದ. ಎದೆಯಲ್ಲಿ ಚುಕ್ಕೆಯಿರುವ ಒಂದೇ ಒಂದು ಹುಂಜ ಸಿಕ್ಕೀತೇ ಅಂತ ಕೇಳಿದ.

"ನಾನೀಗ ಮೊಲ ಸಾಕ್ತೀನಪ್ಪ" ಅಂದರು ಅವರು. "ಬೆಳಗ್ಗೆ ಕೂಗಲ್ಲ, ಆರಾಮು. ಆ ತಳಿ ನಿನ್ನ ಹತ್ರ ಬಿಟ್ರೆ ಇನ್ಯಾರ ಹತ್ರ ಇದೆ? ನೀನೇ ಯಾರಿಗೂ ಕೊಡ್ಲಿಲ್ವಲ್ಲ."

ಉಳಿದಿದ್ದು ಏಳು ಮೊಟ್ಟೆ. ಆಪರೇಷನ್ನಿಗೆ ಹೋಗುವ ಮೊದಲೇ ತೆಗೆದು, ತಾರೀಕು ಬರೆದು ಕಾಳಿನ ಕಪಾಟಿನಲ್ಲಿ ಇಟ್ಟಿದ್ದವು. ಅವು ಮಂಕನವು, ಅನುಮಾನವಿಲ್ಲ. ಕಾವಿಗೆ ಬಂದಿದ್ದ ಒಂದು ಹೇಂಟೆಯ ಕೆಳಗೆ ತಂಗಿಯ ಕೈಯಲ್ಲೇ ಇರಿಸಿದ. ಅವನು ಬಾಗಿಲಲ್ಲಿ ನಿಂತು, "ಮೆಲ್ಲಗೆ, ಮೆಲ್ಲಗೆ" ಅನ್ನುತ್ತಿದ್ದರೆ ಅವಳು, "ನಾನು ಮುನ್ನೂರು ಜನಕ್ಕೆ ಮೊಟ್ಟೆ ಬೇಯಿಸ್ದೋಳು, ನಂಗೆ ಹೇಳ್ಕೊಡ್ತೀಯಾ" ಅಂತ ಗದರಿಸಿದಳು.

ಇಪ್ಪತ್ತೊಂದು ದಿನಕ್ಕೆ ನಾಲ್ಕು ಮರಿ ಎದ್ದವು. ಮೂರು ಮೊಟ್ಟೆ ಹಾಗೇ ಉಳಿದವು. ನಾಲ್ಕರಲ್ಲಿ ಒಂದು ಗಂಡಾದರೆ ಸಾಕಿತ್ತು. ಎಳೆಮರಿಯಲ್ಲಿ ಗಂಡು ಹೆಣ್ಣು ತಿಳಿಯುವುದಿಲ್ಲ; ಜುಟ್ಟು ಕೆಂಪೇರುವವರೆಗೆ ಕಾಯಬೇಕು. ಅವನು ಅಂಗಡಿಗೆ ತಡವಾಗಿ ಹೋಗತೊಡಗಿದ. ಒಂದೊಂದು ಮರಿಯನ್ನೂ ಎತ್ತಿ ಬೆಳಕಿಗೆ ಹಿಡಿಯುವನು. ಒಂದರ ಕಾಲು ಮಿಕ್ಕವಕ್ಕಿಂತ ದಪ್ಪ ಅನ್ನಿಸಿತು. ಅದಕ್ಕೆ ಗುಟ್ಟಾಗಿ ಎರಡು ಕಾಳು ಹೆಚ್ಚು ಹಾಕಿದ. ಎರಡು ತಿಂಗಳಾಯಿತು, ಜುಟ್ಟು ಕೆಂಪೇರಲಿಲ್ಲ. ಕೆಲವು ಹುಂಜ ತಡವಾಗಿ ಬಲಿಯುತ್ತವೆ ಅಂದುಕೊಂಡ. ಮೂರು ತಿಂಗಳಿಗೆ ಆ ದಪ್ಪಗಾಲಿನ ಮರಿಯ ಎದೆಯ ಮೇಲೆ ಬಲಿತ ಗರಿ ಬಂತು. ಗರಿಯ ಮೇಲೆ ಗೆರೆ. ಒಂದು, ಎರಡು, ಮೂರು.

ನಾಲ್ಕೂ ಹೆಣ್ಣೇ. ಹದಿನೆಂಟು ವರ್ಷದಲ್ಲಿ ಅಂಥ ಹೇಂಟೆಗಳು ಅವನ ಗೂಡಿನಲ್ಲಿ ಹುಟ್ಟಿರಲಿಲ್ಲ. ದೊರೆಯ ಜೊತೆ ಬಿಟ್ಟು, ಕಲಸಿದ ಗೆರೆಯನ್ನು ಮತ್ತೆ ತಿದ್ದುತ್ತ ಬರಬೇಕಾದರೆ ಇನ್ನೊಂದು ಹತ್ತು ವರ್ಷ ಬೇಕು. ಅವನಿಗಾಗಲೇ ಎಪ್ಪತ್ತು.

ತಂಗಿಯೇ ಹಟ ಹಿಡಿದು ಅವುಗಳನ್ನು ಪ್ರದರ್ಶನಕ್ಕೆ ಹೊರಡಿಸಿದಳು. ಕಾಲಿಗೆ ಎಣ್ಣೆ ಸವರಿದ್ದೂ ಅವಳೇ. ತೀರ್ಪುಗಾರರು ಪಂಜರದಿಂದ ಒಂದನ್ನು ತೆಗೆದು, ರೆಕ್ಕೆ ಬಿಡಿಸಿ, ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಇವುಗಳ ತಂದೆ ಯಾವುದು?"

"ನಮ್ಮ ದೊರೆ" ಅಂದಳು ತಂಗಿ. "ಜೋಡಿ ಮಾಡಿದ್ದು ನಾನೇ ಸಾರ್. ಇವನಿಗೆ ಅದೆಲ್ಲ ತಲೆಗೆ ಹೋಗಲ್ಲ."

ಮೊಟ್ಟೆಗಳ ತಾರೀಕಿನ ಲೆಕ್ಕ ಹೇಳಿದ್ದರೆ, ಅವು ದೊರೆಯವಲ್ಲ ಅಂತ ಅವಳಿಗೇ ತಿಳಿದುಬಿಡುತ್ತಿತ್ತು. ಬೀಗದಣ್ಣ ಅವಳ ಮುಖ ನೋಡಿದ. ಹಾಸ್ಟೆಲ್ ಬಿಟ್ಟ ಮೇಲೆ ಅವಳು ಅಷ್ಟು ಹಿಗ್ಗಿದ್ದನ್ನು ಅವನು ಕಂಡಿರಲಿಲ್ಲ.

"ಬರೋ ವರ್ಷ ನನಗೂ ಇಂಥ ನಾಲ್ಕು ಮರಿ ಬೇಕಲ್ಲಮ್ಮ" ಅಂದರು ತೀರ್ಪುಗಾರರು.

"ಅದಕ್ಕೇನು ಸಾರ್, ನಾಲ್ಕಲ್ಲ ಹತ್ತು ಒಯ್ಯಿರಿ. ಅಲ್ವೇನಣ್ಣ?"

"ಹೂಂ" ಅಂದ ಅವನು. ಹೇಂಟೆಯನ್ನು ಅವರ ಕೈಯಿಂದ ಇಸಿದುಕೊಂಡು ಪಂಜರದೊಳಗೆ ಬಿಟ್ಟ. ಅದು ಮೈ ಕೊಡವಿ, ಗರಿ ಸರಿಮಾಡಿಕೊಂಡು, ಕಾಳು ಹೆಕ್ಕತೊಡಗಿತು.