ಒಂದು ಹೊಸ ರಿಂಗು, ಒಂದು ಹಳೇದು

ಮರ ಕೊಯ್ಯುವ ಮೆಷಿನ್ನಿನ ಸದ್ದು ಕೇಳಿದರೆ ಊರಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಕಳೆದ ವಾರ ನಾನು ಆ ಸದ್ದು ನಿಂತರೆ ಬೆಚ್ಚಿಬೀಳುತ್ತಿದ್ದೆ. ಮದಲೂರು ಕೆರೆಯಂಗಳದಲ್ಲಿ ಜಾಲಿ ಕೊಯ್ಯುವ ಹನುಮಂತನ ಮೆಷಿನ್ನು ಅದು. ಅದರ ಹೊಟ್ಟೆಯೊಳಗೆ ನನ್ನದೊಂದು ಸುಳ್ಳು ಓಡುತ್ತಿತ್ತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮೊಪೆಡ್ ರಿಪೇರಿಗೆ ಕೂತವನು. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಯುವ ಆ ಟೂ-ಸ್ಟ್ರೋಕ್ ಬಂಡಿಗಳು ಒಂದೊಂದಾಗಿ ಗುಜರಿ ಸೇರಿದವು. ನಾನೂ ಮೂಲೆ ಸೇರುವಷ್ಟರಲ್ಲಿ ಈ ಮೆಷಿನ್ನುಗಳು ಬಂದವು. ಬಿಚ್ಚಿ ನೋಡಿದರೆ ಅದೇ ಹಳೆಯ ಪರಿಚಯದ ಮುಖ: ಒಂದು ಪಿಸ್ಟನ್, ಅದರ ಕೊರಳಿಗೆ ಎರಡು ರಿಂಗು. ನನಗೆ ಮತ್ತೆ ಮರ್ಯಾದೆ ಬಂತು. ಹೋದ ಮರ್ಯಾದೆ ತಿರುಗಿ ಬಂದವನಿಗೆ ‘ನನ್ನಿಂದ ಆಗಲಿಲ್ಲ’ ಎನ್ನುವುದು ಬಹಳ ಕಷ್ಟ.

ಬಳೆ ತೊಡಿಸುವವರನ್ನು ನೋಡಿದ್ದೀರಲ್ಲ, ಮಾತಾಡಿಸುತ್ತ ಮಾತಾಡಿಸುತ್ತ ಕೈಗೆ ಏರಿಸಿಬಿಡುತ್ತಾರೆ. ರಿಂಗಿಗೂ ಅಂಥದೇ ಉಪಚಾರ ಬೇಕು. ಬಾಯನ್ನು ಬೇಕಾದಷ್ಟೇ ಅಗಲಿಸಿ ಪಿಸ್ಟನ್ನಿನ ಸುತ್ತಲಿನ ಗೆರೆಗೆ ಇಳಿಸಿ, ಅಲ್ಲಿರುವ ಪುಟ್ಟ ಮೊಳೆಯ ಎರಡು ಪಕ್ಕಕ್ಕೆ ತುದಿಗಳನ್ನು ಕೂರಿಸಬೇಕು. ರಿಂಗು ಸವೆದಿವೆ ಎಂದು ಹನುಮಂತ ಬಿಟ್ಟುಹೋಗಿದ್ದ ಮೆಷಿನ್ನಿಗೆ ಎರಡು ಹೊಸ ರಿಂಗು ಹಾಕುತ್ತಿದ್ದೆ. ಮೊದಲನೆಯದು ಕೂತಿತು. ಎರಡನೆಯದನ್ನು ನನ್ನ ನಡುಗುವ ಹೆಬ್ಬೆರಳು ಕೂದಲೆಳೆಯಷ್ಟು ಹೆಚ್ಚು ಅಗಲಿಸಿತು. ಟಿಕ್ ಎಂದು ಮುರಿಯಿತು.

ಇನ್ನೊಂದು ತರಲು ಮಾರನೆಯ ದಿನ ಶಿರಾಕ್ಕೇ ಹೋಗಬೇಕು. ಹನುಮಂತ ಸಂಜೆಗೆ ಬರುತ್ತಾನೆ. ಬಿಚ್ಚಿಟ್ಟಿದ್ದ ಸವೆದ ರಿಂಗನ್ನೇ ಒರೆಸಿ ಕೂರಿಸಿ ಮುಚ್ಚಿಬಿಟ್ಟೆ.

“ಎರಡೂ ಹೊಸವೇನ್ ತಾತ?” ಎಂದ ಸಂಜೆ ಬಂದ ಹನುಮಂತ.

“ಹೂಂ ಕಣಪ್ಪ,” ಎಂದೆ.

ಸವೆದ ರಿಂಗು ಒಳಗೆ ಮುರಿದರೆ ಚೂರು ಸಿಲಿಂಡರನ್ನೇ ಗೀರಿಹಾಕುತ್ತದೆ. ಮೆಷಿನ್ನೂ ಹೋಯಿತು, ಅವನ ಅನ್ನವೂ ಹೋಯಿತು. ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನವಾದರೆ ಹಿಂದಿರುಗಿ ಎಳೆದು ನೋಡಬಹುದು. ನನ್ನದು ಅನುಮಾನವಲ್ಲ, ಗೊತ್ತಿರುವ ಸಂಗತಿ. ಸದ್ದು ನಿಂತಾಗಲೆಲ್ಲ ಬೀಡಿ ಹಚ್ಚಿರಬಹುದು, ನೀರು ಕುಡಿಯುತ್ತಿರಬಹುದು ಎಂದು ಅವನ ಪರವಾಗಿ ನಾನೇ ಕಾರಣ ಹುಡುಕುತ್ತಿದ್ದೆ. ಪಾಪ, ನನ್ನ ಮನಸ್ಸಿನೊಳಗೆ ಆ ವಾರ ಅವನು ಕಟ್ಟುಗಟ್ಟಲೆ ಬೀಡಿ ಸೇದಿದ.

“ಮಜ್ಜಿಗೆಗೆ ಎರಡ್ ಸಲ ಉಪ್ಪು ಹಾಕ್ಕಂಡ್ರಿ. ಯಾರ ಮನೆ ಮುಳುಗ್ಸಿ ಬಂದಿದ್ದೀರಾ?” ಎಂದಳು ಹೆಂಡತಿ. ಅವಳಿಗೆ ಏನೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದ್ದಳು.

ಹೈಸ್ಕೂಲಿನಲ್ಲಿ ಮೇಷ್ಟ್ರು ಸೈಕಲ್ ಪಂಪು ಮುಟ್ಟಿಸಿ, ಗಾಳಿಯನ್ನು ಒತ್ತಿದಷ್ಟೂ ಬಿಸಿಯಾಗುತ್ತದೆ ಎಂದು ಕಲಿಸಿದ್ದರು. ಒತ್ತಿಟ್ಟ ಮಾತಿಗೂ ಅದೇ ನಿಯಮ ಎಂಬುದು ಪಠ್ಯದಲ್ಲಿರಲಿಲ್ಲ. ಮಾರನೆಯ ದಿನವೇ ಶಿರಾದಿಂದ ಹೊಸ ರಿಂಗು ತಂದಿದ್ದೆ. ಅದು ಪೊಟ್ಟಣದ ಸಮೇತ ಅಂಗಿಯ ಜೇಬಿನಲ್ಲೇ ನನ್ನೊಡನೆ ಓಡಾಡಿಕೊಂಡಿತ್ತು.

ಐದನೆಯ ದಿನ ಸದ್ದು ನಿಂತದ್ದು ಮತ್ತೆ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಹನುಮಂತ ಮೆಷಿನ್ನನ್ನು ಹೆಗಲ ಮೇಲೆ ಹೊತ್ತು ಬಂದ.

“ಚೈನು ಮೊಂಡಾಗೈತೆ, ಸಾಣೆ ಹಿಡ್ಕೊಡು ತಾತ. ಇಂಜಿನ್ ಮಾತ್ರ ಹೆಂಗೋಡ್ತೈತೆ ಅಂತೀಯ, ನಿನ್ ಕೈಗೊಂದು ನಮಸ್ಕಾರ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ನಮಸ್ಕಾರ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅವನು ಮೆಷಿನ್ನು ಕೆಳಗಿಟ್ಟ. “ಮುರ್ದಿದ್ರೆ?” ಎಂದ. “ನಂಗೆ ಅವತ್ತೇ ಹೇಳ್ಬುಟ್ಟಿದ್ರೆ ಒಂದಿನ ಮನೇಲಿ ಮಲಗ್ತಿದ್ದೆ, ಅಷ್ಟೆ ಅಲ್ವಾ?”

ಅಷ್ಟೇ. ಐದು ದಿನದಿಂದ ಹೊತ್ತುಕೊಂಡದ್ದು ಅಷ್ಟು ಸಣ್ಣದಾಗಿತ್ತು.

ಎಂಜಿನ್ ಬಿಚ್ಚಿ ಹೊಸ ರಿಂಗು ಹಿಡಿದೆ. ಹೆಬ್ಬೆರಳು ಮತ್ತೆ ನಡುಗಿತು. ಈ ಸಲ ಕೈ ಬಚ್ಚಿಟ್ಟುಕೊಳ್ಳಲಿಲ್ಲ. “ನೀನ್ ಎಷ್ಟು ಅಂತ ಹೇಳು, ನಾನ್ ಅಗಲುಸ್ತೀನಿ,” ಎಂದು ಹನುಮಂತ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ರಿಂಗು ಸದ್ದಿಲ್ಲದೆ ಕೂತಿತು.

ಆದರೆ ಹಗ್ಗ ಎಳೆದರೆ ಎಂಜಿನ್ ಹಿಡಿಯಲಿಲ್ಲ. ಏಳನೆಯ ಸಲಕ್ಕೆ ಕೆಮ್ಮುತ್ತ ಎದ್ದಿತು.

“ಮೊದ್ಲೇ ಚೆನ್ನಾಗಿತ್ತಲ್ಲ ತಾತ. ಆ ಹಳೇದ್ನೇ ಹಾಕ್ಬುಡು,” ಎಂದು ನಕ್ಕ.

“ಹೊಸದು ಕಣಪ್ಪ, ಹೊಂದ್ಕಳಕ್ಕೆ ಎರಡ್ ದಿನ ಬೇಕು,” ಎಂದೆ. ಒಮ್ಮೆ ಸುಳ್ಳು ಹೇಳಿದವನು, ಈ ನಿಜವನ್ನು ನಂಬುತ್ತಾನೋ ಇಲ್ಲವೋ ಎಂಬ ಹೊಸ ಚಿಂತೆ ಹತ್ತಿತು.

ಈಗಲೂ ಕೆರೆ ಕಡೆಯ ಸದ್ದು ನಿಂತರೆ ತಲೆ ಎತ್ತುತ್ತೇನೆ. ಬೀಡಿ ಹಚ್ಚಿರಬೇಕು ಎಂದುಕೊಂಡು ಮತ್ತೆ ಕೆಲಸಕ್ಕೆ ಬಗ್ಗುತ್ತೇನೆ. ಮೊನ್ನೆ ಒಂದು ಸಲ ಮಾತ್ರ ಹೋಗಿ ನೋಡಿ ಬಂದೆ. ಬೀಡಿಯೇ.